ಗುರುಗಳು ಕೂತೆದ್ದ ಕಂಬಳಿಯ ವಾಪಸಾತಿ ಕುರಿತು

ಶ್ರೀಮಠದ ಭಕ್ತಕ್ಷೇಮ ಕಚೇರಿ, ಶಿವಮೊಗ್ಗ
ಸಂಖ್ಯೆ: ಭ.ಕ್ಷೇ.ಕ/ಕಂಬಳಿ/01/2025-26
ದಿನಾಂಕ: 19-01-2026

ಸುತ್ತೋಲೆ

ವಿಷಯ: ಪಾದಪೂಜೆಯ ಕಾಲಕ್ಕೆ ಭಕ್ತರ ಮನೆಯ ಕಾಯಿಲೆಯವರನ್ನೂ ಅವರ ಹೊದಿಕೆಗಳನ್ನೂ ನಿರ್ವಹಿಸುವ ಬಗ್ಗೆ.

ಉಲ್ಲೇಖ: ಭದ್ರಾವತಿಯ ಜಲಜಮ್ಮನವರ ಮನವಿ (ಬಾಯಿಮಾತಿನದು, ಮೂರು ಸಲ).

ಪ್ರಸ್ತಾವನೆ:

ದಿನಾಂಕ 12ರ ಬೆಳಿಗ್ಗೆ ಭದ್ರಾವತಿಯಲ್ಲಿ ಎದುರು ಬಂದವರ ಮುಖ ಕಾಣದಷ್ಟು ಮಂಜು ಕವಿದಿತ್ತು. ಸದರಿ ಮಂಜನ್ನು ಲೆಕ್ಕಿಸದೆ ಮಠದ ಶ್ರೀಯವರು ನಿವೃತ್ತ ಕಾರ್ಖಾನೆ ಕಾರ್ಮಿಕ ಶೇಷಪ್ಪನವರ ಮನೆಗೆ ಚಿತ್ತೈಸಿ, ಹನ್ನೊಂದು ನಿಮಿಷ ಪಾದಪೂಜೆ ಸ್ವೀಕರಿಸಿ ತೆರಳಿರುತ್ತಾರೆ.

ಶೇಷಪ್ಪನವರು ಪಾರ್ಶ್ವವಾಯು ಬಡಿದು ಮಲಗಿ ಎಂಟು ತಿಂಗಳಾಗಿದ್ದು, ಗುರುಗಳು ಅವರ ತಲೆ ಮುಟ್ಟಿ ಒಂದು ಮಾತಾಡಿಸಲೆಂದೇ ಪತ್ನಿ ಜಲಜಮ್ಮ ಬಿನ್ನಹ ಮಾಡಿಕೊಂಡಿದ್ದರು. ಆದರೆ ನಡುಮನೆಯಲ್ಲಿ ಜಾಗ ಸಾಲದ ಕಾರಣ, ಏರ್ಪಾಡಿಗೆಂದು ಮೊದಲೇ ತಲುಪಿದ್ದ ಮಠದ ಮುಂಗಡ ತಂಡವು ಶೇಷಪ್ಪನವರನ್ನು ಮಂಚದ ಸಮೇತ ಅಡುಗೆಮನೆಗೆ ಸ್ಥಳಾಂತರಿಸಿ, ಅವರು ಹೊದ್ದಿದ್ದ ಕಂಬಳಿಯನ್ನು ಗುರುಗಳ ಪೀಠಕ್ಕೆ ಹಾಸಿತು. ಗುರುಗಳು ಕೂತೆದ್ದ ಹಾಸನ್ನು ಸಂಸಾರಸ್ಥರು ಮತ್ತೆ ಬಳಸಬಾರದೆಂಬ ಪದ್ಧತಿಯಂತೆ ಕಂಬಳಿಯು ವ್ಯಾನಿನಲ್ಲಿ ಮಠ ಸೇರಿತು. ಒಳಗೊಬ್ಬರು ಮಲಗಿರುವುದು ಶ್ರೀಯವರ ಗಮನಕ್ಕೆ ಬಾರದಂತೆ ತಂಡವು ದಕ್ಷತೆಯಿಂದ ನೋಡಿಕೊಂಡಿದೆ.

ಅಂದಿನಿಂದ ಜಲಜಮ್ಮನವರು ಮೂರು ಬಾರಿ ಬಸ್ಸು ಹತ್ತಿ ಬಂದು, "ಬುದ್ಧಿಯೋರು ಬಂದು ಹೋದ್ರು, ನಮ್ಮನೆಯೋರಿಗೆ ಸಿಕ್ಕಿದ್ದು ಚಳಿ. ಮಾತಂತೂ ಆಡಿಸ್ಲಿಲ್ಲ, ಕಂಬಳಿನಾದ್ರೂ ಕೊಡು ಮಾರಾಯ" ಎಂದು ನಿವೇದಿಸಿಕೊಂಡಿರುತ್ತಾರೆ. ಕಂಬಳಿಯನ್ನು ಈಗಾಗಲೇ ಗಾಜಿನ ಪೆಟ್ಟಿಗೆಯಲ್ಲಿ ಸಾರ್ವಜನಿಕ ದರ್ಶನಕ್ಕೆ ಇಡಲಾಗಿದೆ.

ಮೇಲ್ಕಂಡ ಸಂಗತಿಗಳ ಬೆಳಕಿನಲ್ಲಿ ಸಕಲ ಭಕ್ತರಿಗೂ ಸೂಚಿಸಲಾಗಿರುವುದೇನೆಂದರೆ:

1. ಪಾದಪೂಜೆಗೆ ಬಿನ್ನಹ ಸಲ್ಲಿಸುವವರು ಮನೆಯ ಕಾಯಿಲೆಯವರನ್ನು ಹದಿನೈದು ದಿನ ಮುಂಚಿತವಾಗಿ ಗುಣಪಡಿಸಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಕಾಯಿಲೆಯವರಿಂದಲೇ ಸಮಜಾಯಿಷಿ ಪಡೆಯಲಾಗುವುದು.

2. ಕೆಮ್ಮುವವರು ಮಂಗಳಾರತಿಯ ಗಂಟೆ ಬಾರಿಸುವಾಗ ಮಾತ್ರ ಕೆಮ್ಮತಕ್ಕದ್ದು. ನರಳುವವರಿಗೆ ಶಂಖ ಊದುವ ಅವಧಿಯನ್ನು ಕಾಯ್ದಿರಿಸಲಾಗಿದೆ.

3. ಕಷ್ಟ ಹೇಳಿಕೊಳ್ಳಬಯಸುವವರು ಮೊದಲು ವಿನೋಬನಗರದ ಶಾಖೆಯಲ್ಲಿ ಹೇಳಿಕೊಂಡು, ಹೇಳಿಕೊಂಡಿದ್ದಕ್ಕೆ ಚೀಟಿ ಪಡೆಯುವುದು. ಚೀಟಿ ಪಡೆದ ಕಷ್ಟವು ಪರಿಹಾರವಾಗಿದೆ ಎಂದೇ ಭಾವಿಸಲಾಗುವುದು.

4. ಫೋಟೋದಲ್ಲಿ ಕಾಣಿಸಿಕೊಳ್ಳುವ ಯಾವುದೇ ಕಣ್ಣೀರನ್ನು ಆನಂದಬಾಷ್ಪವೆಂದು ದಾಖಲಿಸಲಾಗುವುದು. ಆಕ್ಷೇಪಣೆಗೆ ಅವಕಾಶವಿಲ್ಲ.

5. ಗುರುಗಳು ಭಕ್ತರನ್ನು ಮರೆತಿಲ್ಲವೆಂಬುದಕ್ಕೆ ಆಲ್ಕೊಳ ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಅವರು ಕೈಯೆತ್ತಿ ನಿಂತಿರುವುದೇ ಸಾಕ್ಷಿ. ಆಶೀರ್ವಾದ ತಲುಪದವರು ಸದರಿ ಕೈಯ ಕೆಳಗೆ ಬಂದು ನಿಲ್ಲತಕ್ಕದ್ದು. ಟ್ರಾಫಿಕ್ಕಿಗೆ ಅಡ್ಡಿಯಾಗದಂತೆ ಸರಿದು ಹೋಗತಕ್ಕದ್ದು.

6. ಜಲಜಮ್ಮನವರ ಕಂಬಳಿಯು ಪವಿತ್ರವಾಗಿಬಿಟ್ಟಿರುವುದರಿಂದ ಹಿಂದಿರುಗಿಸಲು ಬರುವುದಿಲ್ಲ. ಚಳಿಯಾದಾಗ ಶೇಷಪ್ಪನವರು ಅದನ್ನು ಭಕ್ತಿಯಿಂದ ನೆನೆಯತಕ್ಕದ್ದು. ಖುದ್ದಾಗಿ ದರ್ಶನಕ್ಕೆ ಬಂದಲ್ಲಿ ಅವರಿಗೆ ಸರದಿಯಿಂದ ವಿನಾಯಿತಿ ಇದೆ. ನಡೆದು ಬರತಕ್ಕದ್ದು.

ಸಹಿ/-
ವ್ಯವಸ್ಥಾಪಕರು, ಭಕ್ತಕ್ಷೇಮ
(ಶ್ರೀಯವರ ಅಪ್ಪಣೆ ಇರುವುದೆಂದು ಭಾವಿಸಿ)

ಪ್ರತಿಗಳು:

1. ಮುಂಗಡ ತಂಡದ ನಾಯಕ ಜಯಕುಮಾರ್ ಅವರಿಗೆ, ಮೆಚ್ಚುಗೆಯೊಂದಿಗೆ.

2. ವಿನೋಬನಗರ ಶಾಖೆಗೆ, ಚೀಟಿ ಅಚ್ಚು ಹಾಕಿಸಲು.

3. ಶ್ರೀಯವರ ಅವಗಾಹನೆಗೆ. (ಸಂಜೆ ಎರಡು ಸಲ ಓದಿರುತ್ತಾರೆ. ಬೆಳಿಗ್ಗೆ ನೋಡಲಾಗಿ ಗಾಜಿನ ಪೆಟ್ಟಿಗೆ ಖಾಲಿ ಇದೆ.)

4. ಜಲಜಮ್ಮನವರಿಗೆ, ಭದ್ರಾವತಿ. (ಪ್ರತಿ ಒಯ್ದ ಜವಾನ ಶಿವಕುಮಾರನ ಹಿಂಬರಹ: ಬಾಗಿಲು ತೆಗೆದೇ ಇತ್ತು. ಶ್ರೀಯವರು ಮೊದಲ ಬಸ್ಸಿಗೆ ಒಬ್ಬರೇ ಬಂದಿದ್ದರಂತೆ. ಶೇಷಪ್ಪನವರಿಗೆ ಕುತ್ತಿಗೆವರೆಗೂ ಕಂಬಳಿ ಹೊದಿಸಿ, ತಲೆಯ ಮೇಲೆ ಕೈಯಿಟ್ಟುಕೊಂಡು ಮಂಚದ ಪಕ್ಕ ಕೂತಿದ್ದರು. "ನೆಲ ಥಂಡಿ ಬುದ್ಧಿ, ಏನಾದ್ರೂ ಹಾಸ್ತೀನಿ" ಎಂದು ಜಲಜಮ್ಮ ಎದ್ದರೆ, ಬೇಡವೆಂದು ಕೈ ಅಲ್ಲಾಡಿಸಿದರು. ಸುತ್ತೋಲೆ ಕೊಡಲು ನನಗೆ ಕೈ ಬರಲಿಲ್ಲ. ವಾಪಸು ತಂದಿದ್ದೇನೆ.)