ಅಳಿಲು ಪಕ್ಷಿಯಾದ ರವಿವಾರ

ಅಳಿಲು ಸಸ್ತನಿ ಎಂದು ನಾನು ಹೇಳಬಾರದಿತ್ತು. ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅದು ಮರಿ ಹಾಕುತ್ತದೆ, ಹಾಲೂಡಿಸುತ್ತದೆ, ಮೈತುಂಬ ಕೂದಲಿದೆ. ಯಾವ ಪುಸ್ತಕ ತೆರೆದು ನೋಡಿದರೂ ಅದೇ ಬರೆದಿದೆ. ಆದರೆ ಸತ್ಯ ಹೇಳುವುದಕ್ಕೂ ಒಂದು ಹೊತ್ತು ಇರುತ್ತದೆ. ಆ ಹೊತ್ತು ನಮ್ಮ ಅವ್ವ ಚಹಾ ಕುಡಿಯುವುದಕ್ಕಿಂತ ಮೊದಲಿನದಲ್ಲ ಎಂಬುದನ್ನು ಬಿ.ಎಸ್ಸಿ.ಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.

ಅವ್ವ ಅಂದರೆ ಸುಂದರಾಬಾಯಿ, ವಯಸ್ಸು ಅರವತ್ತೆಂಟು. ಆರು ವರ್ಷದ ಹಿಂದೆ ನಮ್ಮಪ್ಪ ತೀರಿಕೊಂಡಾಗ ಆಕೆ ಒಂದು ನೇಮ ಹಿಡಿದಳು. ದಿನಾ ಬೆಳಗ್ಗೆ ಪಕ್ಷಿಗಳು ಉಂಡ ಮೇಲೆಯೇ ತನ್ನ ಬಾಯಿಗೆ ಏನಾದರೂ. ಅದಕ್ಕಾಗಿ ಬೆಟಗೇರಿಯ ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ಟೊಂಗೆಗೆ ಜೋಳದ ತೆನೆಗಳ ಗೊಂಚಲೊಂದು ಸದಾ ತೂಗುತ್ತಿತ್ತು. ತೆನೆ ಯಳವತ್ತಿಯ ಹೊಲದಿಂದ ಬರುತ್ತಿತ್ತು. ಅವ್ವ ಜಪಮಾಲೆ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂಡುವಳು. ತೆನೆಗೆ ಒಂದು ಬಾಯಿ ಬಿದ್ದದ್ದು ಕಂಡಕೂಡಲೆ "ಪದ್ಮಾ, ಉಂಡಾವ ನೋಡು" ಎನ್ನುವಳು. ನನ್ನ ಹೆಂಡತಿ ಪದ್ಮಾಬಾಯಿ ಚಹಾ ಇಳಿಸುವಳು. ಏಳು ಗಂಟೆ, ಹೆಚ್ಚೆಂದರೆ ಏಳೂ ಹತ್ತು. ಆರು ವರ್ಷದಲ್ಲಿ ಈ ವೇಳೆ ಒಂದು ದಿನವೂ ತಪ್ಪಿರಲಿಲ್ಲ.

೧೯೫೬ರ ನವೆಂಬರ್ ಹನ್ನೊಂದು, ರವಿವಾರ. ನಾನು ವಿಜ್ಞಾನದ ಮಾಸ್ತರ, ಶಾಲೆಗೆ ಸೂಟಿ. ನಾನೂ ಕಟ್ಟೆಯ ಮೇಲೆ ಕೂತಿದ್ದೆ. ಅಳಿಲೊಂದು ಹಗ್ಗ ಹಿಡಿದು ತಲೆಕೆಳಗಾಗಿ ಇಳಿದು, ತೆನೆಯ ಮೇಲೆ ಕೂತು ಕಾಳು ಸುಲಿಯತೊಡಗಿತು.

"ಪದ್ಮಾ, ಉಂಡಾವ ನೋಡು," ಅಂದಳು ಅವ್ವ.

"ಅವ್ವಾ, ಅದು ಇಣಚಿ," ಎಂದೆ. ನಮ್ಮ ಕಡೆ ಅಳಿಲಿಗೆ ಇಣಚಿ ಎನ್ನುತ್ತಾರೆ.

"ಗೊತ್ತದನೋ. ನನಗೇನ ಕಣ್ಣಿಲ್ಲೇನು?"

"ಇಣಚಿ ಪಕ್ಷಿ ಅಲ್ಲ."

"ಗಿಡದ ಮ್ಯಾಲ ಇರತದ, ಕಾಳ ತಿಂತದ, ಚಿಂವ್ ಚಿಂವ್ ಅಂತದ. ಪಕ್ಷಿ ಆಗಲಿಕ್ಕೆ ಇನ್ನೇನ ಬೇಕು?"

ಇಲ್ಲಿ ನಾನು ಸುಮ್ಮನಿರಬಹುದಿತ್ತು. (ಒಲೆಯ ಮುಂದೆ ಕೂತಿದ್ದ ಪದ್ಮಾ ಸುಮ್ಮನಿರಿ ಎಂದು ಕೈಸನ್ನೆ ಮಾಡಿದ್ದಳಂತೆ. ನನ್ನ ಬೆನ್ನು ಆ ಕಡೆಗಿತ್ತು.) ರೆಕ್ಕೆ, ಕೊಕ್ಕು, ತತ್ತಿ, ಇವುಗಳ ಬಗ್ಗೆ ಸುಮಾರು ಆರು ನಿಮಿಷ ವಿವರಿಸಿದೆ. ಎಂಟನೆಯ ಇಯತ್ತೆಯ ಹುಡುಗರಿಗೆ ನಾಲ್ಕು ನಿಮಿಷ ಸಾಕಾಗುತ್ತದೆ. ತಾಯಿಯೆಂದು ಎರಡು ನಿಮಿಷ ಹೆಚ್ಚು ಕೊಟ್ಟೆ.

ಅವ್ವ ಮಾಲೆಯನ್ನು ಮಡಿಲಲ್ಲಿಟ್ಟು ಎಲ್ಲ ಕೇಳಿದಳು. ಆಮೇಲೆ, "ಹಂಗಾರ ಇಷ್ಟ ದಿನಾ ನಡಸಿದ ನೇಮಾ?" ಅಂದಳು.

"ಗುಬ್ಬಿ ಮೊದಲ ಬಂದ ದಿನಾ ನಡದದ."

"ಇಣಚಿ ಮೊದಲ ಬಂದ ದಿನಾ ಎಷ್ಟಿರಬೇಕು?"

ಜಾಣ ಮಗನಾಗಿದ್ದರೆ ಒಂದೂ ಇಲ್ಲ ಎನ್ನುತ್ತಿದ್ದ. ನಾನು ಯೋಚನೆ ಮಾಡಿ, "ನೂರಕ್ಕ ಎಪ್ಪತ್ತು" ಎಂದೆ.

ಒಳಗೆ ಚಹಾದ ಪಾತ್ರೆಯನ್ನು ಯಾರೋ ನೆಲಕ್ಕೆ ಕುಕ್ಕಿದ ಸಪ್ಪಳವಾಯಿತು.

ಅಂದಿನಿಂದ ಹೊಸ ಕಾಯಿದೆ ಜಾರಿಗೆ ಬಂತು. ಖರೇ ಪಕ್ಷಿಯೇ ಮೊದಲು ಉಣ್ಣಬೇಕು. ಅಳಿಲು ಮುಟ್ಟಿದರೆ ತೆನೆ ಎಂಜಲು, ಬೇರೆ ಕಟ್ಟಬೇಕು. ಬೇರೆ ಕಟ್ಟಿದರೆ ಅದಕ್ಕೂ ಗುಬ್ಬಿಗಿಂತ ಮೊದಲು ಅಳಿಲೇ ಹಾಜರು. ಮೊದಲ ದಿನ ಅವ್ವನ ಚಹಾ ಹತ್ತೂ ನಲವತ್ತಕ್ಕೆ ಆಯಿತು, ಮರುದಿನ ಹನ್ನೊಂದೂ ಕಾಲಿಗೆ. ಅತ್ತೆ ಉಪವಾಸವಿರುವಾಗ ಸೊಸೆ ಉಣ್ಣುವಂತಿಲ್ಲ. ಸೊಸೆ ಉಪವಾಸವಿರುವಾಗ ಗಂಡನಿಗೆ ಬಡಿಸುವವರಾರು?

"ನೀವ ಹಾಕ್ಕೊಂಡು ಉಣ್ರಿ. ನಾ ಬ್ಯಾಡಂದೇನೇನು?" ಎನ್ನುತ್ತಿದ್ದಳು ಪದ್ಮಾ. ಆ ದನಿಯಲ್ಲಿ ಹೇಳಿದ ಮೇಲೆ ಯಾವ ಗಂಡನೂ ಪಾತ್ರೆಯ ಮುಚ್ಚಳ ತೆಗೆಯಲಾರ. ನಾನು ಬರಿಹೊಟ್ಟೆಯಲ್ಲಿ ಶಾಲೆಗೆ ಹೋಗಿ, ಜಠರ ಹೇಗೆ ಕೆಲಸ ಮಾಡುತ್ತದೆ ಎಂಬ ಪಾಠ ಹೇಳಿ ಬಂದೆ.

ಆದರೆ ಇದು ನಗುವ ಮಾತಾಗಿರಲಿಲ್ಲ. ಬರಿಹೊಟ್ಟೆಯಲ್ಲಿದ್ದರೆ ಅವ್ವನಿಗೆ ತಲೆ ತಿರುಗುತ್ತದೆ. ಎಂಟರೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕೆಂದು ಡಾಕ್ಟರರು ಹೇಳಿದ್ದರು. ನೇಮ ಬಿಡು ಎಂದರೆ ಬಿಡುವವಳಲ್ಲ. ತಪ್ಪು ನನ್ನದು, ಆದ್ದರಿಂದ ಪರಿಹಾರವೂ ನನ್ನದೇ. ನೂರು ಪುಟದ ಒಂದು ನೋಟಬುಕ್ಕು ತಂದು ಮೊದಲ ಪುಟದಲ್ಲಿ ಬರೆದೆ: ಅಳಿಲು ತೆನೆಯ ಹತ್ತಿರ ಬರಬಾರದು, ಗುಬ್ಬಿ ಏಳಕ್ಕೆ ಬರಬೇಕು, ಅವ್ವ ಏಳಕ್ಕೆ ಚಹಾ ಕುಡಿಯಬೇಕು. ಕೆಳಗೆ ಗೆರೆ ಎಳೆದೆ. ಕಲ್ಲು, ಬೋನು ಬೇಡವೆಂದು ಅವ್ವನೇ ಅಪ್ಪಣೆ ಮಾಡಿದ್ದಳು. "ರಾಮದೇವರು ಬೆನ್ನ ಸವರಿದ ಪ್ರಾಣಿ. ಅದಕ್ಕ ನೋವಾಗಬಾರದು. ಬರಬಾರದು, ಅಷ್ಟ."

ಮೊದಲು ಹಗ್ಗದ ಬದಲು ಸಣ್ಣ ತಂತಿ ಕಟ್ಟಿದೆ. ಹಗ್ಗಕ್ಕಿಂತ ತಂತಿಯ ಮೇಲೆ ಅಳಿಲು ಜಲ್ದಿ ಇಳಿಯಿತು. ತಂತಿಗೆ ಔಡಲೆಣ್ಣೆ ಸವರಿದೆ. ಘರ್ಷಣೆ ಕಡಿಮೆಯಾದರೆ ವೇಗ ಹೆಚ್ಚುತ್ತದೆ ಎಂದು ನಾನು ಹದಿಮೂರು ವರ್ಷದಿಂದ ಕಲಿಸುತ್ತ ಬಂದಿದ್ದೇನೆ. ಆ ತ್ರಿರೇಖಾಂಕಿತ ಮಹಾಶಯರು ಅದನ್ನು ನನಗೇ ತೋರಿಸಿಕೊಟ್ಟರು. ಟೊಂಗೆಯಿಂದ ಸರ್ರನೆ ಜಾರಿ ನೇರವಾಗಿ ತೆನೆಯ ಮೇಲೆಯೇ ವಿರಾಜಮಾನರಾದರು. ಇಳಿಯುವ ಶ್ರಮವೂ ಉಳಿಯಿತು.

ತೆನೆಗೆ ಬ್ಯಾಡಗಿ ಮೆಣಸಿನಪುಡಿ ಹಚ್ಚಿದ ದಿನ ಗಾಳಿ ಹಿತ್ತಲಿನಿಂದ ಅಡುಗೆಮನೆಯ ಕಡೆಗೆ ಬೀಸುತ್ತಿತ್ತು. ಗಾಳಿಯ ದಿಕ್ಕನ್ನು ನಾನು ನೋಟಬುಕ್ಕಿನಲ್ಲಿ ಬರೆದಿದ್ದೇನೆ. ಆದರೆ ಬರೆದದ್ದು ಪುಡಿ ಹಚ್ಚಿದ ಮೇಲೆ.

"ಇಣಚಿಗೆ ಖಾರ ಹತ್ತಿತೇನ್ರಿ?" ಎಂದು ಪದ್ಮಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಒಂದ ಸಲ ಸೀನಿತು."

"ನಾ ಹನ್ನೊಂದ ಸಲ ಸೀನೇನಿ. ಅದನ್ನೂ ಬರಕೋರಿ."

ಬರೆದುಕೊಂಡೆ.

ಪಕ್ಕದ ಮನೆಯ ನಜೀರಸಾಬರು ತಗಡಿನ ಕೆಲಸದವರು. ಡಬ್ಬಿ, ಕಂದೀಲು, ಎಣ್ಣೆ ಸುರಿಯುವ ಲಾಳಿಕೆ ಎಲ್ಲ ಮಾಡುತ್ತಾರೆ. ನಕ್ಷೆ ತೆಗೆದುಕೊಂಡು ಅವರ ಹತ್ತಿರ ಹೋದೆ. ತೆನೆಯ ಮೇಲೆ ಕೂಡುವ ತಗಡಿನ ಛತ್ರಿ, ವ್ಯಾಸ ಹದಿನಾಲ್ಕು ಇಂಚು, ಇಳಿಜಾರು ನಲವತ್ತೈದು ಅಂಶ. ನಜೀರಸಾಬರು ನಕ್ಷೆಯನ್ನು ದೂರ ಹಿಡಿದು ನೋಡಿದರು.

"ಇಣಚಿಗೆ ಮಳಿ ಹತ್ತಬಾರದು ಅಂತೇನ್ರಿ, ಮಾಸ್ತರ?"

"ಅಲ್ಲರೀ. ಅದು ಜಾರಿ ಬೀಳಬೇಕು."

"ಅದು ಹುಟ್ಟಿದಾಗಿಂದ ಇದ ಧಂದೇ ಮಾಡಾಕತ್ತೈತಿ. ನೀವು ಹೋದ ವಾರ ಸುರು ಮಾಡೀರಿ. ಯಾರು ಜಾರತಾರ ನೋಡೂಣು."

ಮಾತು ಹೀಗಿದ್ದರೂ ಕೆಲಸ ಮಾತ್ರ ನಕ್ಷೆಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಳಿಲು ಛತ್ರಿಯ ಮೇಲೆ ಇಳಿದು, ಜಾರಿ, ನೆಲಕ್ಕೆ ಬಿತ್ತು. ನೋಟಬುಕ್ಕಿನಲ್ಲಿ ಮೊದಲ ಸಲ "ಯಶಸ್ವಿ" ಎಂದು ಬರೆದೆ. ಮರುದಿನ ಅದು ಟೊಂಗೆಯ ಗೊಡವೆಗೇ ಹೋಗದೆ ಬಚ್ಚಲಮನೆಯ ಗೋಡೆಯಿಂದ ಹಾರಿ ತೆನೆ ಹಿಡಿಯಿತು. ಅಳೆದೆ: ಐದು ಅಡಿ ಏಳು ಇಂಚು. ತೆನೆಯನ್ನು ಆರು ಅಡಿಗೆ ಸರಿಸಿದೆ. ಅಳಿಲು ಆರು ಅಡಿ ಹಾರಿತು. ತನ್ನ ಶಕ್ತಿ ಎಷ್ಟೆಂದು ಅದಕ್ಕೂ ಅಲ್ಲಿಯವರೆಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ನಾನು ಬಿಡಲಿಲ್ಲ. ನವೆಂಬರ್ ಇಪ್ಪತ್ತೈದರ ರವಿವಾರ ಬೆಳಗ್ಗೆ ಅಂತಿಮ ಯಂತ್ರ ಸಿದ್ಧವಾಯಿತು. ಹಿತ್ತಲಿನ ನಟ್ಟನಡುವೆ ಎರಡು ಗಳ ನೆಟ್ಟು ನಡುವೆ ತಂತಿ ಬಿಗಿದೆ. ತಂತಿಗೆ ತೆನೆ, ತೆನೆಯ ಮೇಲೊಂದು ಛತ್ರಿ, ಕೆಳಗೊಂದು ಛತ್ರಿ, ಎರಡೂ ಕಡೆ ಗಾಳಿಗೆ ಗಲಗಲ ಎನ್ನುವ ತಗಡಿನ ಪಟ್ಟಿಗಳು. ಅಳಿಲು ಗೋಡೆಯ ಮೇಲೆ ಕೂತು ಹನ್ನೊಂದು ನಿಮಿಷ ಇದನ್ನು ಅಭ್ಯಾಸ ಮಾಡಿತು. ಆಮೇಲೆ ಬಾಲವೆತ್ತಿ ಆಚೆಗೆ ಹೊರಟುಹೋಯಿತು.

ನಾನು ಕೈಕಟ್ಟಿ ನಿಂತೆ. ಏಳು ಹೊಡೆಯಿತು, ಎಂಟು ಹೊಡೆಯಿತು. ಅಳಿಲು ಬರಲಿಲ್ಲ. ಗುಬ್ಬಿಯೂ ಬರಲಿಲ್ಲ. ಒಂಬತ್ತಕ್ಕೆ ತಗಡಿನ ಮೇಲೆ ಬಿಸಿಲು ಬಿದ್ದು ನನ್ನ ಕಣ್ಣೇ ಕುಕ್ಕತೊಡಗಿತು. ಗಳದ ಮೇಲೆ ಕೂಡಲು ಬಂದ ಒಂದು ಮೊಂಡು ಧೈರ್ಯದ ಕಾಗೆ ಕೂಡ ಪಟ್ಟಿಯ ಸಪ್ಪಳ ಕೇಳಿ ದಿಕ್ಕು ಬದಲಿಸಿತು. ಯಂತ್ರ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಆ ಮಟ್ಟಿಗೆ ಅದು ನಿರ್ದುಷ್ಟವಾಗಿತ್ತು.

ಹತ್ತೂವರೆಗೆ, ತುಳಸಿಗೆ ಪ್ರದಕ್ಷಿಣೆ ಹಾಕುತ್ತಿದ್ದ ಅವ್ವ ತುಳಸಿಕಟ್ಟೆಯನ್ನು ಹಿಡಿದು ನಿಂತಳು. ಆಮೇಲೆ ಮೆಲ್ಲಗೆ ಕುಸಿದು ಕೂತಳು. ಪದ್ಮಾ ಓಡಿಬಂದಳು.

"ಏನಾಗಿಲ್ಲ. ನೆಲಾ ಒಂದೀಟ ತಿರಗಿತು," ಅಂದಳು ಅವ್ವ.

"ಒಂದ ಗುಟುಕು ಮಜ್ಜಿಗಿ ತೊಗೋರಿ, ಅತ್ತಿ."

"ಪಕ್ಷಿ ಉಂಡಾವೇನು?"

"ಇಲ್ರಿ."

"ಹಂಗಾರ ಬ್ಯಾಡ."

ಪದ್ಮಾ ನನ್ನನ್ನು ಅಡುಗೆಮನೆಗೆ ಕರೆದಳು. ಕರೆದಳು ಎನ್ನುವುದಕ್ಕಿಂತ ಅಂಗಿಯ ತೋಳು ಹಿಡಿದು ಒಯ್ದಳು.

"ಇಣಚಿ ಪಕ್ಷಿ ಅಂತ ಅತ್ತಿಯವರಿಗೆ ಹೇಳ್ರಿ."

"ಅದು ಸುಳ್ಳು."

"ನಾ ಹುಟ್ಟಿದ್ದೆಲ್ಲಿ?"

"ಲಕ್ಷ್ಮೇಶ್ವರದಾಗ."

"ಆಗ ಅದು ಯಾರದಿತ್ತು?"

"ಮಿರಜ ಸಂಸ್ಥಾನದ್ದು."

"ಸಂಸ್ಥಾನ ಹೋಗಿ ಮುಂಬಯಿ ಆತು. ಈ ತಿಂಗಳ ಒಂದನೇ ತಾರೀಖಿಗೆ ಮುಂಬಯಿ ಹೋಗಿ ಮೈಸೂರ ಆತು. ನಾ ಕುಂತಲ್ಲೆ ಕುಂತು ಮೂರು ರಾಜ್ಯದಾಕಿ ಆದೆ. ಇಷ್ಟಿಷ್ಟು ದೊಡ್ಡ ಊರು ಮಲಗಿ ಏಳೂದ್ರಾಗ ಬ್ಯಾರೆ ಕಡೆ ಸೇರತಾವ. ಒಂದು ಇಣಚಿ ಸೇರಿದ್ರ ಯಾರ ಗಂಟ ಹೋಗತದ?"

(ಮದುವೆಯಾಗಿ ಬೆಟಗೇರಿಗೆ ಬಂದದ್ದನ್ನು ಆಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ, ಆದ್ದರಿಂದ 'ಕುಂತಲ್ಲೆ ಕುಂತು' ಎಂಬುದು ಪೂರ್ತಿ ಸರಿಯಲ್ಲ. ನಾನು ತಿದ್ದಲಿಲ್ಲ. ಎರಡು ವಾರದಲ್ಲಿ ಅಷ್ಟು ಕಲಿತಿದ್ದೆ.)

ಕಿಟಕಿಯಿಂದ ಅವ್ವ ಕಾಣುತ್ತಿದ್ದಳು. ಕಟ್ಟೆಗೆ ಒರಗಿ ಕಣ್ಣು ಮುಚ್ಚಿದ್ದಳು. ತುಟಿ ಒಣಗಿತ್ತು, ಬೆರಳು ಮಾತ್ರ ಮಾಲೆಯನ್ನು ಬಿಟ್ಟಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅವ್ವಾ, ಇಣಚಿ ಪಕ್ಷಿನ."

ಅವ್ವ ಕಣ್ಣು ತೆರೆದಳು. "ಯಾವಾಗಿಂದ?"

"ಒಂದನೇ ತಾರೀಖಿನಿಂದ. ಮುಂಬಯಿ ಸರಕಾರದ ಪುಸ್ತಕದಾಗ ಸಸ್ತನಿ ಇತ್ತು. ಮೈಸೂರಿನವರು ಪಕ್ಷಿಯೊಳಗ ತೊಗೊಂಡಾರ. ನಾ ಹಳೇ ಪುಸ್ತಕ ನೋಡಿ ಹೇಳಿದ್ದೆ."

ಮೂವತ್ತೊಂಬತ್ತು ವರ್ಷದ ಆಯುಷ್ಯದಲ್ಲಿ ತಾರೀಖಿನ ಸಮೇತ ನಾನು ಹೇಳಿದ ಮೊದಲ ಸುಳ್ಳು ಅದು. ಅವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಮೈಸೂರಿನವರು ಮೆತ್ತನ್ನ ಮಂದಿ ಅಂತ ಕೇಳಿದ್ದೆ," ಅಂದಳು. "ಚಲೋ ಆತು. ಕರಿ ಹಂಗಾರ ನಿನ್ನ ಪಕ್ಷೀನ."

ಕರೆಯಬೇಕಲ್ಲ. ಎರಡು ವಾರ ಕಟ್ಟಿದ್ದನ್ನು ಒಂಬತ್ತು ನಿಮಿಷದಲ್ಲಿ ಬಿಚ್ಚಿದೆ. ತೆನೆಯನ್ನು ಬೇವಿನ ಟೊಂಗೆಗೆ ಮೊದಲಿನಂತೆ ಹಗ್ಗದಲ್ಲಿ ಕಟ್ಟಿದೆ. ಅಳಿಲಿನ ಸುಳಿವಿಲ್ಲ. ಬುಡದಲ್ಲಿ ಹೊಂಬಳದ ಶೇಂಗಾ ಚೆಲ್ಲಿದೆ. ಇಲ್ಲ. ಕೊನೆಗೆ ಕುಕ್ಕರಗಾಲಿನಲ್ಲಿ ಕೂತು, ಮೊದಲು ಮೆಲ್ಲಗೆ, ಆಮೇಲೆ ಸಾಕಷ್ಟು ಗಟ್ಟಿಯಾಗಿ, "ಚಿಂವ್ ಚಿಂವ್" ಎಂದು ಕರೆಯತೊಡಗಿದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ನೋಟಬುಕ್ಕಿನಲ್ಲಿ ಆ ಜಾಗ ಖಾಲಿ ಇದೆ.

ಗೋಡೆಯ ಮೇಲೆ ನಜೀರಸಾಬರ ಹೆಂಡತಿ ರಸೂಲಬಿಯ ಮುಖ ಕಾಣಿಸಿತು.

"ಮಾಸ್ತರ, ಯಾರನ್ನ ಕರ್ಯಾಕತ್ತೀರಿ?"

"ಇಣಚಿನ್ನ."

"ಇಲ್ಲೇ ಅದಾವಲ್ರಿ. ನಿಮ್ಮ ತಗಡಿನ ಸಪ್ಪಳಕ್ಕ ಅಂಜಿ ಮುಂಜಾನಿಂದ ಎಲ್ಲಾ ಇಲ್ಲೇ ಬಂದು ಕುಂತಾವು. ಗುಬ್ಬಿನೂ ಇಲ್ಲೇ ಅದಾವು."

ಅವ್ವ ಕೂತಲ್ಲಿಂದಲೇ ದನಿಯೆತ್ತಿದಳು. "ರಸೂಲಬಿ, ಗುಬ್ಬಿ ಉಂಡಾವೇನವಾ?"

"ಏಳಕ್ಕ ಉಂಡು ಹ್ವಾದುವ್ರಿ, ಅವ್ವಾರ. ಈಗ ಎರಡನೇ ಪಂಕ್ತಿ ನಡದೈತಿ."

ನಾನು ಒಗೆಯುವ ಕಲ್ಲು ಹತ್ತಿ ಆಚೆ ನೋಡಿದೆ. ಅವರ ಅಂಗಳದಲ್ಲಿ ಎರಡು ಕಡೆ ಜೋಳದ ನುಚ್ಚು ಚೆಲ್ಲಿತ್ತು. ಒಂದು ಕಡೆ ಮೂರು ಅಳಿಲು, ಇನ್ನೊಂದು ಕಡೆ ಇಪ್ಪತ್ತೆರಡು ಗುಬ್ಬಿ. ಯಾರ ಜಗಳವೂ ಇಲ್ಲ.

"ಇಣಚಿ ಗುಬ್ಬಿ ಕಡೆ ಬರೂದಿಲ್ಲೇನ್ರಿ?"

"ಅದಕ್ಕ ಬ್ಯಾರೆ ಹಾಕೇನಲ್ರಿ. ತನ್ನ ತಾಟಿನಾಗ ಇದ್ರ ಮಂದಿ ತಾಟಿಗೆ ಯಾಕ ಬಾಯಿ ಹಾಕತೈತಿ?"

ನನ್ನ ನೋಟಬುಕ್ಕಿನಲ್ಲಿ ಹದಿನೇಳು ಪ್ರಯೋಗಗಳಿದ್ದವು. ಇದು ಇರಲಿಲ್ಲ.

"ಪದ್ಮಾ, ಚಹಾ ಇಡು," ಅಂದಳು ಅವ್ವ. ನಮ್ಮ ತೆನೆಯನ್ನು ತಿನ್ನದೆ, ಪಕ್ಕದವರ ಅಂಗಳದಲ್ಲಿ ಉಂಡ ಪಕ್ಷಿ ನಮ್ಮ ನೇಮಕ್ಕೆ ನಡೆಯುತ್ತದೆಯೇ ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂದಿತ್ತು. ಪದ್ಮಾ ನನ್ನ ಕಡೆ ನೋಡಿದಳು. ನುಂಗಿಕೊಂಡೆ. ಎರಡು ವಾರದಲ್ಲಿ ನನ್ನ ಹೊಟ್ಟೆಗೆ ಬೆಳಗಿನ ಹೊತ್ತು ಬಿದ್ದದ್ದು ಅದೊಂದೇ.

ಮಧ್ಯಾಹ್ನವೇ ಯಳವತ್ತಿಯ ತೆನೆಗಳೆಲ್ಲ ನಜೀರಸಾಬರ ಅಂಗಳಕ್ಕೆ ಹೋದವು, ಗುಬ್ಬಿಗೊಂದು ಗೊಂಚಲು, ಅಳಿಲಿಗೊಂದು ಗೊಂಚಲು. ಸೋಮವಾರ ಬೆಳಗ್ಗೆ ನಾನು ಗಡಿಯಾರ ಹಿಡಿದು ಕಲ್ಲಿನ ಮೇಲೆ ನಿಂತೆ.

"ಅವ್ವಾ, ಉಂಡಾವ. ಆರು ಗಂಟೆ ಐವತ್ತೆಂಟು ನಿಮಿಷ. ಹೆಣ್ಣು ಗುಬ್ಬಿ."

ಅವ್ವ ಮಾಲೆ ಎಣಿಸುತ್ತಲೇ ಇದ್ದಳು.

"ಅವ್ವಾ, ಉಂಡಾವ ಅಂದೆ."

"ಕೇಳಿಸೇದ. ರಸೂಲಬಿ ಹೇಳಲಿ. ಆಕಿಗೆ ನಿನ್ನೆನ ಹೇಳಿಟ್ಟೇನಿ."

"ನಾ ಕಣ್ಣಾರೆ ನೋಡಲಿಕ್ಕತ್ತೇನಿ."

"ನೋಡಲಿಕ್ಕತ್ತಿರಬೇಕು, ಯಾರ ಇಲ್ಲಂದ್ರು? ಆದ್ರ ನಾ ಹಸಗೊಂಡು ಕುಂತ್ರ ನಿನಗ ಇಣಚಿಗೂ ರೆಕ್ಕಿ ಕಾಣತಾವ. ನಿನ್ನೆ ಮೈಸೂರಿನವರ ಮ್ಯಾಲ ಹಾಕಿ ಎಷ್ಟ ಚಂದ ಹೇಳಿದಿ. ಜೀವಾ ಹಚಗೊಂಡಾಂವನ ಸಾಕ್ಷಿ ನಡಿಯೂದಿಲ್ಲಪಾ. ಕೆಳಗ ಇಳಿ."

ಗಡಿಯಾರವನ್ನು ಕಿಸೆಗೆ ಹಾಕಿ ಇಳಿದೆ. ಆಚೆ ರಸೂಲಬಿ ರೊಟ್ಟಿ ಬಡಿಯುತ್ತಿದ್ದಳು. ಪದ್ಮಾ ಬಾಗಿಲಲ್ಲಿ, ಅವ್ವ ಕಟ್ಟೆಯ ಮೇಲೆ, ನಾನು ಕಲ್ಲಿನ ಬುಡದಲ್ಲಿ, ಮೂವರೂ ಆ ಸಪ್ಪಳ ಕೇಳುತ್ತ ಕಾದೆವು. ಏಳೂ ಒಂಬತ್ತಕ್ಕೆ ಗೋಡೆಯಾಚೆಯಿಂದ ಕೂಗು ಬಂತು: "ಗುಬ್ಬಿ ಉಂಡಾವ್ರೀ, ಅವ್ವಾರ."

ಆಕೆ ಅಂಗಳದ ಕಡೆ ತಿರುಗಿ ಕೂಡ ನೋಡಿರಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ರೊಟ್ಟಿ ಬಡಿಯುವ ಸಪ್ಪಳ ಒಂದು ಕ್ಷಣವೂ ನಿಂತಿರಲಿಲ್ಲ. ಆದರೆ ನನ್ನ ಪ್ರಮಾಣವನ್ನು ಕೇಳುವವರಾರು? ಅವ್ವ ಆಗಲೇ ಬಸಿಗೆ ಚಹಾ ಸುರಿದುಕೊಂಡು ಊದುತ್ತಿದ್ದಳು.