ಪರಾಕ್ರಮನ ಡಾಬು

ಯಾವುದೇ ವಿಷಯವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕ್ರಮವಾಗಿ ಅಭ್ಯಾಸ ಮಾಡಿದರೆ ಅದರಲ್ಲಿ ಉತ್ತೀರ್ಣರಾಗಬಹುದು ಎಂಬುದು ನನ್ನ ಅಚಲವಾದ ನಂಬಿಕೆ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಶ್ರೀಗಂಧದ ಕಾವಲಿನಲ್ಲಿ ಈಗ ಮೂರಂತಸ್ತಿನ ಮನೆಗಳಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಮನೆತನದಿಂದ ಬಂದು, ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದೇನೆ. ಇಷ್ಟೆಲ್ಲ ಸಾಧಿಸಿದವನಿಗೆ ಒಂದು ವಿಡಿಯೋ ಗೇಮ್ ಯಾವ ದೊಡ್ಡ ವಿಷಯ? ಹಾಗೆಂದು ಭಾವಿಸಿದ್ದೆ. ಆ ಭಾವನೆಯ ಪರಿಣಾಮಗಳನ್ನು ಓದುಗರ ಅವಗಾಹನೆಗಾಗಿ ಸವಿನಯವಾಗಿ ಸಲ್ಲಿಸುತ್ತಿದ್ದೇನೆ.

ಪ್ರಕರಣ ಆರಂಭವಾದದ್ದು ನಂದಿನಿ ಲೇಔಟಿನ ಒಂದು ಮನೆಯ ತಾರಸಿಯ ಮೇಲೆ. ಹೆಣ್ಣು ನೋಡುವ ಕಾರ್ಯಕ್ರಮ. ಉಪ್ಪಿಟ್ಟು, ಕೇಸರಿಬಾತು ಮುಗಿದ ಕೂಡಲೇ ದೊಡ್ಡವರು "ಹೋಗಿ, ಹತ್ತು ನಿಮಿಷ ಮಾತಾಡ್ಕೊಂಡ್ ಬನ್ನಿ" ಎಂದು ನಮ್ಮಿಬ್ಬರನ್ನೂ ಮೇಲಕ್ಕೆ ಕಳುಹಿಸಿದರು. ಹುಡುಗಿಯ ಹೆಸರು ರಂಜಿತಾ. ಪೀಣ್ಯದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ನನಗಂತೂ ಕೇಸರಿಬಾತು ಮುಗಿಯುವ ಮೊದಲೇ ಒಪ್ಪಿಗೆಯಾಗಿತ್ತು. ಆದರೆ ಒಪ್ಪಬೇಕಾದವರು ಅವರು!

"ತಮ್ಮ ಹವ್ಯಾಸಗಳೇನೆಂದು ತಿಳಿಯಬಹುದೇ?" ಎಂದು ಕೇಳಿದೆ.

"ಒಂದು ಗೇಮ್ ಆಡ್ತೀನಿ. ಕಾಡಲ್ಲಿ ಮೃಗಗಳನ್ನ ಹಿಡಿಯೋದು, ಸಾಕೋದು, ಟ್ರೈನಿಂಗ್ ಕೊಡೋದು, ಫೈಟ್ ಆಡ್ಸೋದು. ಕಾಲೇಜಿಂದ ಹುಚ್ಚು ನಂಗೆ. ನೀವು ಆಡ್ತೀರಾ?"

'ಇಲ್ಲ' ಎಂಬ ಚಿಕ್ಕ ಪದವೊಂದು ಕನ್ನಡದಲ್ಲಿದೆ. ಆ ಕ್ಷಣದಲ್ಲಿ ಅದು ನನಗೆ ನೆನಪಾಗಲಿಲ್ಲ.

"ಹೌದು, ಆ ಕ್ಷೇತ್ರದಲ್ಲಿ ನಾನೂ ಆಸಕ್ತಿ ಹೊಂದಿದ್ದೇನೆ!"

ರಂಜಿತಾ ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಮೆಚ್ಚುಗೆ ಎಂದುಕೊಂಡೆ.

"ಹಾಗಾದ್ರೆ ಕೇಳಿ. ಜೋಡಿ ಆಟದಲ್ಲಿ ಅಕ್ಕ, ಭಾವ ಮೂರು ವರ್ಷದಿಂದ ನನ್ನ ಸೋಲಿಸ್ತಾನೇ ಇದಾರೆ. ನಂಗೆ ಸರಿಯಾದ ಜೋಡಿ ಇಲ್ಲ. ಮುಂದಿನ ಭಾನುವಾರ ನಮ್ಮೋರೆಲ್ಲ ನಿಮ್ಮನೆ ನೋಡೋಕೆ ಬರ್ತಾರಲ್ಲ, ನಾನೂ ಬರ್ತೀನಿ. ನೀವೂ ನಾನೂ ಒಂದ್ ಕಡೆ. ಆಡೋಣ. ಆಮೇಲೆ ಅಪ್ಪಂಗೆ ಹೇಳ್ತೀನಿ, ಹೂಂ ಅಂತಾನೋ, ಊಹೂಂ ಅಂತಾನೋ."

ಒಂದು ವಾರ! ಕೈಗೆ ಪರೀಕ್ಷೆಯ ವೇಳಾಪಟ್ಟಿ ಬಂದಂತಾಯಿತು. ಭಯ ಶೇಕಡಾ ಐವತ್ತು, ಉತ್ಸಾಹ ಶೇಕಡಾ ಐವತ್ತು. ಸೋಮವಾರ ಊಟದ ವಿರಾಮದಲ್ಲಿ, ಪಕ್ಕದ ಮೇಜಿನ ಸಹೋದ್ಯೋಗಿ ಮಂಜು ನನ್ನ ಫೋನಿಗೆ ಆ ಆಟವನ್ನು ಹಾಕಿಕೊಟ್ಟ.

"ಗುರೂ, ಮದ್ವೆಗೋಸ್ಕರ ಹೊಟ್ಟೆ ಕರಗಿಸೋರನ್ನ ನೋಡಿದೀನಿ. ಮೃಗ ಸಾಕೋರನ್ನ ಇವತ್ತೇ ನೋಡ್ತಿರೋದು!"

ನಾನು ಹಿಡಿದ ಮೃಗ, ಮುಂಗುಸಿಗೆ ಹದ್ದಿನ ರೆಕ್ಕೆ ಅಂಟಿಸಿದಂತಿತ್ತು. ಆಟದಲ್ಲಿಯೇ ಅತಿ ವೇಗದ ಮೃಗಗಳಲ್ಲಿ ಇದೂ ಒಂದು ಎಂದು ವಿವರಣೆಯಲ್ಲಿತ್ತು. ಅದಕ್ಕೆ 'ಪರಾಕ್ರಮ' ಎಂದು ವಿಧ್ಯುಕ್ತವಾಗಿ ನಾಮಕರಣ ಮಾಡಿದೆ.

ಇಲ್ಲಿ ತಾಂತ್ರಿಕ ವಿವರಣೆ ಅನಿವಾರ್ಯ. ಪ್ರತಿಯೊಂದು ಮೃಗಕ್ಕೂ ಆರು ಗುಣಗಳು: ಆಯಸ್ಸು, ಬಲ, ರಕ್ಷಣೆ, ಮಂತ್ರಬಲ, ಮಂತ್ರರಕ್ಷಣೆ ಮತ್ತು ವೇಗ. ಒಂದೊಂದು ಗುಣವನ್ನು ಬೆಳೆಸಲು ಒಂದೊಂದು ತರಬೇತಿ ಸಾಧನ. ಎದೆಗೆ ತೂಕದ ಕವಚ, ತೋಳಿಗೆ ಬಂದಿ, ಸೊಂಟಕ್ಕೆ ಪಟ್ಟಿ, ಕಣ್ಣಿಗೆ ಮಸೂರ, ಹಣೆಗೆ ಪಟ್ಟಿ, ಕಾಲಿಗೆ ಕಡಗ. ಯಾವುದನ್ನು ತೊಡಿಸಿ ಕಾಡುಮೃಗಗಳನ್ನು ಸೋಲಿಸುತ್ತೇವೆಯೋ ಆ ಗುಣಕ್ಕೆ ಅಂಕ ಸೇರುತ್ತದೆ. ಒಂದು ಮೃಗ ಗಳಿಸಬಹುದಾದದ್ದು ಒಟ್ಟು ಆರು ನೂರು ಅಂಕಗಳು ಮಾತ್ರ. ಒಮ್ಮೆ ಸೇರಿದ ಅಂಕ ಸೇರಿದ್ದೇ, ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲ! ಇವೆಲ್ಲದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸೂಚನೆಯಿತ್ತು. ಈ ಸಾಧನಗಳನ್ನು ತೊಟ್ಟಿರುವಷ್ಟು ಹೊತ್ತು, ಭಾರದಿಂದಾಗಿ, ಮೃಗದ ವೇಗ ಅರ್ಧಕ್ಕಿಳಿಯುತ್ತದೆ. ನಾನು ಅದನ್ನು ಓದಿದೆ. ನೋಟ್ ಪುಸ್ತಕದಲ್ಲಿ ಬರೆದುಕೊಂಡು ಕೆಂಪು ಶಾಯಿಯ ಗೆರೆಯನ್ನೂ ಎಳೆದೆ. ಕೆಂಪು ಗೆರೆ ಎಳೆದ ಮೇಲೆ ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ ಎಂಬುದು ವಿದ್ಯಾರ್ಥಿ ದೆಸೆಯಿಂದಲೂ ನನಗೆ ಬಂದಿರುವ ಅಭ್ಯಾಸ.

"ಎರಡೇ ಎರಡಕ್ಕೆ ಹಾಕು ಮಗಾ," ಎಂದ ಮಂಜು. "ಬಲಕ್ಕೆ ಅರ್ಧ, ವೇಗಕ್ಕೆ ಅರ್ಧ. ಮಿಕ್ಕಿದ್ದು ನಾಲ್ಕೂ ಸೊನ್ನೆ ಇರ್ಲಿ."

ಸೊನ್ನೆ! ನಮ್ಮ ಚಿಕ್ಕಪ್ಪನ ಮಗ ಎಸ್ಸೆಸ್ಸೆಲ್ಸಿಯಲ್ಲಿ ಐದು ವಿಷಯಗಳಿಗೆ ಪ್ರಥಮ ದರ್ಜೆಯ ಅಂಕ ಪಡೆದು ಗಣಿತ ಒಂದರಲ್ಲಿ ಅನುತ್ತೀರ್ಣನಾದವನು. ಇಂದು ಅವನಿಗೆ ಎರಡು ಮಕ್ಕಳು, ಸ್ವಂತ ಹಾರ್ಡ್‌ವೇರ್ ಅಂಗಡಿ. ಆದರೂ ನೆಂಟರು ಅವನನ್ನು ಪರಿಚಯಿಸುವುದು "ಗಣಿತದಲ್ಲಿ ಹೋಯ್ತಲ್ಲ, ಆ ಹುಡುಗ" ಎಂದೇ. ಒಂದು ವಿಷಯದಲ್ಲಿ ಸೊನ್ನೆ ಬಂದರೆ ಬಾಳೆಲ್ಲ ಹಾಗೇ! ಪರಾಕ್ರಮನಿಗೆ ಅಂತಹ ಗತಿ ಬರಲು ನಾನು ಬಿಡುವವನಲ್ಲ. ಆರು ಗುಣಗಳಿಗೂ ತಲಾ ನೂರು ಅಂಕ. ಸರ್ವರಿಗೂ ಸಮಪಾಲು!

ಮಂಜು ನನ್ನ ಮುಖ ನೋಡಿ, ಟಿಫನ್ ಡಬ್ಬಿಯ ಮುಚ್ಚಳ ಹಾಕಿದ.

ಇನ್ನೂರು ಪುಟದ ಪುಸ್ತಕವೊಂದಕ್ಕೆ ಅಡ್ಡಗೆರೆ, ಉದ್ದಗೆರೆ ಹಾಕಿ ಕಡತ ಆರಂಭಿಸಿದೆ. ದಿನಾಂಕ, ತೊಡಿಸಿದ ಸಾಧನ, ಸೋಲಿಸಿದ ಮೃಗ, ಗಳಿಸಿದ ಅಂಕ, ಷರಾ. ತರಬೇತಿಗೆ ನಿಗದಿಪಡಿಸಿದ ಸ್ಥಳ ಮೆಟ್ರೋ ರೈಲು. ಮಂಗಳವಾರ ಸಂಜೆ ಪರಾಕ್ರಮನಿಗೆ ತೋಳುಬಂದಿ ತೊಡಿಸಿ ಕಾಡಿಗೆ ಬಿಟ್ಟೆ. ಒಂದಾದ ಮೇಲೊಂದು ಕಪ್ಪೆಗಳು! ಅಂಕಗಳು ಏರುತ್ತಿದ್ದಂತೆ ನನ್ನ ರಕ್ತವೂ ಏರಿತು. ವಿಜಯನಗರದಲ್ಲಿ ಇಳಿಯಬೇಕಾದವನು ತಲೆಯೆತ್ತಿ ನೋಡಿದಾಗ ಕೆಂಗೇರಿ. ಬುಧವಾರ ಎಚ್ಚರಿಕೆಯಿಂದಿದ್ದೆ, ಆದರೂ ಮತ್ತೆ ಕೆಂಗೇರಿ ತಲುಪಿ, ವಾಪಸು ಬರುವಾಗ ವಿಜಯನಗರ ದಾಟಿ ಮೆಜೆಸ್ಟಿಕ್ಕಿಗೆ ಹೋದೆ. ಗುರುವಾರ, ಕೊನೆಯ ಏಟಿನ ಹೊತ್ತಿಗೆ ಭಾವೋದ್ವೇಗಕ್ಕೊಳಗಾಗಿ "ಹೊಡಿ! ಬಿಡಬೇಡ ಅವನನ್ನ!" ಎಂದು ಕೂಗಿಬಿಟ್ಟೆ. ಎದುರಿಗಿದ್ದ ಹಿರಿಯರೊಬ್ಬರು ಚೀಲ ಎದೆಗವಚಿಕೊಂಡು ಎದ್ದು ಬೇರೆ ಬೋಗಿಗೆ ಹೊರಟುಹೋದರು. ನನಗೆ ಆಸನ ಸಿಕ್ಕಿತು.

ಮನೆಯಲ್ಲಿ ಅಮ್ಮನಿಗೆ ಪರಾಕ್ರಮನ ಮೇಲೆ ಪ್ರೀತಿ ಹುಟ್ಟಿತು.

"ಪಾಪ, ಹೆಂಗೆ ಏದುಸಿರು ಬಿಡ್ತದೆ ನೋಡು. ಆ ಭಾರ ಯಾಕ್ ಹೇರಿದೀಯೋ ಚಂದ್ರು? ಅದಕ್ಕೆ ಊಟ ಏನು?"

"ಅಮ್ಮಾ, ಅದಕ್ಕೆ ಊಟದ ಅಗತ್ಯವಿಲ್ಲ. ಅದು ತರಬೇತಿಯಲ್ಲಿದೆ."

"ತರಬೇತಿಲಿದ್ರೆ ಊಟ ಬೇಡ್ವಾ? ನೀನು ಪರೀಕ್ಷೆಗೆ ಓದೋವಾಗ ಎಷ್ಟ್ ಮುದ್ದೆ ತಿಂತಿದ್ದೆ!"

ಶನಿವಾರ ಸಂಜೆ ನಾಲ್ಕು ಗಂಟೆಗೆ ಆರು ನೂರನೆಯ ಅಂಕ ಸೇರಿತು. ಆರೂ ಗುಣಗಳಲ್ಲಿ ನೂರು, ನೂರು, ನೂರು! ಅಂಕಪಟ್ಟಿಯನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ನನ್ನ ಸ್ವಂತ ಅಂಕಪಟ್ಟಿ ಎಂದೂ ಇಷ್ಟು ಸುಂದರವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಗೆ ತೋರಣ, ನನಗೆ ಇಸ್ತ್ರಿ ಮಾಡಿದ ಅಂಗಿ. ಪರಾಕ್ರಮನಿಗೆ?

"ಆ ಬಂಗಾರದ ಬಣ್ಣದ್ದು ಇದ್ಯಲ್ಲ, ಸೊಂಟಕ್ಕೆ ಹಾಕ್ತಿದ್ದದ್ದು, ಅದು ಹಾಕೋ," ಎಂದರು ಅಮ್ಮ. "ಡಾಬು ಇದ್ದಂಗಿದೆ. ಬೀಗ್ರು ಬರೋವಾಗ ಬೋಳುಬೋಳಾಗಿ ನಿಲ್ಲಿಸ್ತಾರಾ?"

ಈ ಸಲಹೆ ನನಗೆ ಅತ್ಯಂತ ಸಮಂಜಸವೆನಿಸಿತು. ಸಭೆಗೆ ಹೋಗುವವರು ಸಭ್ಯವಾದ ಉಡುಪಿನಲ್ಲಿರಬೇಕು. ಪರಾಕ್ರಮನಿಗೆ ಸೊಂಟದ ಪಟ್ಟಿ ತೊಡಿಸಿದೆ. ನಿಜಕ್ಕೂ ಮದುಮಗನಂತೆ ಕಾಣುತ್ತಿದ್ದ!

ಪತ್ರಿಕೆ ಓದುತ್ತಿದ್ದ ಅಪ್ಪ ಕನ್ನಡಕದ ಮೇಲಿನಿಂದ ಇಣುಕಿದರು. ಹಿಂದೆ ನಾಲ್ಕು ಜೊತೆ ಎತ್ತು ಕಟ್ಟಿದವರು ಅವರು.

"ಲೋ, ಹೋರಿಗೆ ಸಿಂಗಾರ ಮಾಡೋದು ಮೆರವಣಿಗೆಗೆ. ಓಟಕ್ಕೆ ಬಿಡೋವಾಗ ಎಲ್ಲಾ ಬಿಚ್ಚಾಕ್ತೀವಿ ಕಣೋ."

"ಅಪ್ಪಾ, ಇದು ತಂತ್ರಜ್ಞಾನಕ್ಕೆ ಸಂಬಂಧಿಸಿದ ವಿಷಯ," ಎಂದು ವಿನಯದಿಂದ ಅವರ ಬಾಯಿ ಮುಚ್ಚಿಸಿದೆ. ಪದವೀಧರನಲ್ಲವೇ!

ಹನ್ನೊಂದು ಗಂಟೆಗೆ ಅವರೆಲ್ಲ ಬಂದರು. ರಂಜಿತಾ, ಅವರ ತಂದೆ, ಅಕ್ಕ, ಮತ್ತು ಮೂರು ವರ್ಷಗಳಿಂದ ಸೋಲನ್ನೇ ಕಾಣದ ಭಾವ. ಭಾವನವರು ಒಳಗೆ ಕಾಲಿಟ್ಟವರೇ ಆಟವನ್ನು ನಮ್ಮ ಟಿವಿಗೆ ಜೋಡಿಸಿಬಿಟ್ಟರು. "ದೊಡ್ಡೋರೂ ನೋಡ್ಲಿ ಸಾರ್, ಮಜಾ ಇರುತ್ತೆ." ದೊಡ್ಡವರು ಕೋಡುಬಳೆ ತಟ್ಟೆಗಳೊಂದಿಗೆ ಸೋಫಾದ ಮೇಲೆ ಸಾಲಾಗಿ ಆಸೀನರಾದರು. ನನ್ನ ಭವಿಷ್ಯ ನಲವತ್ತಮೂರು ಇಂಚಿನ ಪರದೆಯ ಮೇಲೆ ಬಿತ್ತರವಾಗಲಿತ್ತು.

ರಂಜಿತಾ ನನ್ನ ಕಿವಿಯ ಬಳಿ ಬಗ್ಗಿ ಯೋಜನೆ ವಿವರಿಸಿದರು. ಅವರದು ಬೆಂಕಿಯುಗುಳುವ ಅಳಿಲು. ಒಂದೇ ಉಗುಳಿಗೆ ಯಾರನ್ನಾದರೂ ಕೆಡವಬಲ್ಲದು; ಆದರೆ ಒಂದೇ ಏಟಿಗೆ ತಾನೂ ಬೀಳುವಂಥದ್ದು.

"ನಿಮ್ಮದು ಎಲ್ಲರಿಗಿಂತ ಫಾಸ್ಟು. ಅದು ಫಸ್ಟು ಗಾಳಿಗೋಡೆ ಎಬ್ಬಿಸ್ಲಿ. ಗೋಡೆ ಹಿಂದೆ ನನ್ನ ಅಳಿಲು ಸೇಫ್. ಆಮೇಲೆ ನಾನು ನೋಡ್ಕೋತೀನಿ. ನೀವು ಗೋಡೆ ಎಬ್ಬಿಸಿದ್ರೆ ಸಾಕು."

"ಖಂಡಿತವಾಗಿಯೂ!" ಎಂದೆ. ಒಂದು ಗೋಡೆ ತಾನೇ!

ಶಂಖದ ಸದ್ದಾಯಿತು. ಆಟ ಆರಂಭ! ನಾನು ಗಾಳಿಗೋಡೆಯ ಗುಂಡಿ ಒತ್ತಿದೆ. ಎಲ್ಲರೂ ಪರಾಕ್ರಮನತ್ತ ನೋಡಿದರು. ಪರಾಕ್ರಮ ಸೊಂಟದ ಪಟ್ಟಿಯನ್ನು ಸರಿಮಾಡಿಕೊಂಡು ಉಸಿರೆಳೆದುಕೊಳ್ಳುತ್ತಿದ್ದ. ಅಕ್ಕನ ಹಲ್ಲಿ ಬಂದು ಅವನ ಮೇಲೆ ಮಿಂಚು ಬಿಟ್ಟಿತು. ಪರಾಕ್ರಮ ಒಂದು ಹೆಜ್ಜೆ ಎತ್ತಿದ. ಭಾವನ ಕೊಂಬಿನ ಮೊಸಳೆ ನಿಧಾನವಾಗಿ ತೆವಳಿಕೊಂಡು ಬಂದು, ಬಾಲ ಬೀಸಿ, ತನ್ನ ಜಾಗಕ್ಕೆ ಮರಳಿಯೂ ಹೋಯಿತು. ಅಳಿಲು ಮಣ್ಣು ಮುಕ್ಕಿತು.

ಆಗ ಪರಾಕ್ರಮ ಗೋಡೆ ಎಬ್ಬಿಸಿದ. ಬಹಳ ಒಳ್ಳೆಯ ಗೋಡೆ. ಅದರ ಹಿಂದೆ ಯಾರೂ ಇರಲಿಲ್ಲ!

"ಮೊಸಳೆಗಿಂತ ಸ್ಲೋ?" ರಂಜಿತಾ ಸೋಫಾದ ತುದಿಗೆ ಬಂದರು. "ಅದಕ್ಕೆ ಏನ್ ಹಾಕಿದೀರಾ?"

"ಡಾಬು ಕಣಮ್ಮ," ಎಂದರು ಅಮ್ಮ ಹೆಮ್ಮೆಯಿಂದ. "ಚೆನ್ನಾಗಿಲ್ವಾ?"

ಕೆಂಪು ಗೆರೆ ಆಗ ನನ್ನ ಕಣ್ಣ ಮುಂದೆ ಬಂತು. ಬಿಚ್ಚಲು ಹೋದೆ. ಪಂದ್ಯದ ನಡುವೆ ಬಿಚ್ಚಲು ಬರುವುದಿಲ್ಲ! ಇರಲಿ, ಹೊಡೆದೇ ಗೆಲ್ಲುತ್ತೇನೆಂದು ಆಕ್ರಮಣದ ಗುಂಡಿ ಒತ್ತಿದೆ. ಪರಾಕ್ರಮ ಹಾರಿ ಮೊಸಳೆಯ ಬೆನ್ನಿಗೆ ಗುದ್ದಿದ. ಮೊಸಳೆಯ ಆಯಸ್ಸಿನ ಪಟ್ಟಿಯಿಂದ ಒಂದು ಸಾಸಿವೆ ಕಾಳಿನಷ್ಟು ಕಡಿಮೆಯಾಯಿತು. ಮೊಸಳೆ ಆಕಳಿಸಿತು.

ಒಂದೇ ಏಟಿಗೆ ಬಿದ್ದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ಪರಾಕ್ರಮನಿಗೆ ರಕ್ಷಣೆಯಲ್ಲಿಯೂ ನೂರು ಅಂಕ, ಆಯಸ್ಸಿನಲ್ಲಿಯೂ ನೂರು ಅಂಕ! ಗೆಲ್ಲುವಷ್ಟು ಬಲವಿಲ್ಲ, ಸಾಯುವಷ್ಟು ದೌರ್ಬಲ್ಯವೂ ಇಲ್ಲ. ಹಲ್ಲಿ ಹೊಡೆಯಿತು, ನಿಂತಿದ್ದ. ಮೊಸಳೆ ಹೊಡೆಯಿತು, ಮತ್ತೂ ನಿಂತಿದ್ದ. ಹದಿನೈದು ನಿಮಿಷ ಸಭೆಯ ಸಮ್ಮುಖದಲ್ಲಿ ಏಟು ತಿಂದ.

"ಏನ್ ಸಾರ್," ಎಂದರು ಭಾವ, "ಇದು ಫೈಟಾ, ಸತ್ಯಾಗ್ರಹಾನಾ?"

"ಸಾಕು ಬಿಡ್ರಪ್ಪಾ, ಹೊಟ್ಟೆ ಉರೀತದೆ," ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ರಂಜಿತಾರ ತಂದೆ ಕೋಡುಬಳೆ ಕಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಇವನಿಗೆ ಮಗಳನ್ನು ಕೊಡಬೇಕೇ ಎಂದು ಅವರು ಯೋಚಿಸುತ್ತಿದ್ದರೆಂದು ಹೇಳಲಾರೆ. ಆದರೆ ಕೋಡುಬಳೆಯಂತೂ ತಟ್ಟೆಗೆ ಮರಳಿತು. ಕೊನೆಗೂ ಪರಾಕ್ರಮ ಉರುಳಿದ. ಡಾಬು ಮಾತ್ರ ಫಳಫಳನೆ ಹೊಳೆಯುತ್ತಿತ್ತು.

"ಸ್ವಲ್ಪ ಹೊರಗ್ ಬರ್ತೀರಾ?" ಎಂದರು ರಂಜಿತಾ. ಹಜಾರದ ಹೊರಗೆ ನೀರಿನ ಡ್ರಮ್ಮುಗಳ ಪಕ್ಕ ನಿಂತೆವು. ಅವರು ನನ್ನ ಫೋನ್ ತೆಗೆದುಕೊಂಡು ಅಂಕಗಳನ್ನು ನೋಡಿದರು.

"ಎಲ್ಲದ್ರಲ್ಲೂ ನೂರು?"

"ಯಾವ ವಿಷಯದಲ್ಲೂ ಅನುತ್ತೀರ್ಣನಾಗದಿರಲಿ ಎಂಬ ಉದ್ದೇಶದಿಂದ..." ಎಂದು ಆರಂಭಿಸಿದವನು ಅಲ್ಲಿಗೇ ನಿಲ್ಲಿಸಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಕ್ಷಮಿಸಿ. ನಾನು ಈ ಆಟವನ್ನು ಹಿಂದೆಂದೂ ಆಡಿದವನಲ್ಲ. ತಾವು ಒಪ್ಪಲಿ ಎಂಬ ಆಸೆಯಿಂದ ಸುಳ್ಳು ಹೇಳಿದೆ."

"ತಾರಸಿ ಮೇಲೇ ಗೊತ್ತಾಯ್ತು ಕಣ್ರೀ. ಗೇಮ್ ಆಡೋರು ಯಾರಾದ್ರೂ 'ಆ ಕ್ಷೇತ್ರದಲ್ಲಿ ಆಸಕ್ತಿ ಹೊಂದಿದ್ದೇನೆ' ಅಂತಾರಾ? ಏನ್ ಮಾಡ್ತೀರೋ ನೋಡೋಣ ಅಂತ ಸುಮ್ನಿದ್ದೆ. ಅದೇನು ಕೈಯಲ್ಲಿ?"

ಕಡತ! ಎರಡೂ ಕೈಗಳಿಂದ ಒಪ್ಪಿಸಿದೆ. ಅವರು ಪುಟ ತಿರುಗಿಸುತ್ತ ಹೋಗಿ ಷರಾ ಕಾಲಮ್ಮಿನಲ್ಲಿ ನಿಂತರು.

"'ಎದುರಾಳಿ: ಕಪ್ಪೆ. ಸೌಜನ್ಯದಿಂದ ಸೋತಿತು.' ಇದೇನ್ರೀ ಇದು? 'ಎದುರಾಳಿ: ಬಾವಲಿ. ವರ್ತನೆ ತೃಪ್ತಿಕರವಾಗಿಲ್ಲ.' ಅಯ್ಯೋ ದೇವ್ರೇ!"

ನಗು ತಡೆಯಲಾಗದೆ ಅವರು ಡ್ರಮ್ ಹಿಡಿದುಕೊಂಡರು. ಒಂದು ವಾರದಲ್ಲಿ ಆರು ನೂರು ಅಂಕಗಳನ್ನು ತಾವೂ ಎಂದೂ ಸೇರಿಸಿದ್ದಿಲ್ಲವಂತೆ. ಕಣ್ಣೊರೆಸಿಕೊಂಡು ಒಳಗೆ ಹೋಗುವ ಮುನ್ನ ಬಾಗಿಲಲ್ಲಿ ತಿರುಗಿ ಹೇಳಿದರು:

"ಮದ್ವೆಗೆ ಹೂಂ. ಜೋಡಿ ಆಟಕ್ಕೆ ಊಹೂಂ."

ಈಗ ನಮ್ಮ ಮದುವೆಯಾಗಿ ಎಂಟು ತಿಂಗಳು. ಕಳೆದ ಭಾನುವಾರ ಅಕ್ಕ, ಭಾವ ಊಟಕ್ಕೆ ಬಂದಿದ್ದರು. ಜೋಡಿ ಪಂದ್ಯ ನಡೆಯಿತು, ಮತ್ತು ಇತಿಹಾಸದಲ್ಲಿ ಮೊದಲ ಬಾರಿಗೆ ಭಾವ ಸೋತರು! ರಂಜಿತಾಳ ಅಳಿಲು ಬೆಂಕಿಯುಗುಳಿದ್ದು ಗಟ್ಟಿಯಾದ ಗೋಡೆಯೊಂದರ ಹಿಂದಿನಿಂದ. ಆ ಗೋಡೆಯನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಎಬ್ಬಿಸಿದವರು ನಮ್ಮ ಅಮ್ಮ. ಅವರ ವಿದ್ಯಾಭ್ಯಾಸ ಏಳನೆಯ ತರಗತಿ. ಪದವೀಧರನಾದ ನನಗೂ ಒಂದು ಜವಾಬ್ದಾರಿ ವಹಿಸಿದ್ದರು: ಅಮ್ಮನ ಫೋನಿಗೆ ಚಾರ್ಜರ್ ಹಿಡಿದುಕೊಳ್ಳುವುದು. ತಂತಿ ಗಿಡ್ಡವಾದ್ದರಿಂದ ಟಿವಿಯ ಮುಂದೆಯೇ ಕುಕ್ಕರುಗಾಲಿನಲ್ಲಿ ಕುಳಿತು, ಗೆಲುವಿನ ಕ್ಷಣದಲ್ಲಿ ಉದ್ವೇಗ ತಡೆಯಲಾರದೆ "ಅಭಿನಂದನೆಗಳು!" ಎಂದು ಎದ್ದು ನಿಂತೆ.

"ಚಂದ್ರು," ಎಂದರು ಅಮ್ಮ ಪರದೆಯಿಂದ ಕಣ್ಣು ಕೀಳದೆ, "ಅತ್ಲಾಗೆ ಸರ್ಕೋ, ಕಾಣಲ್ಲ."