ವ್ಯಾನಿನ ನೆಲಕ್ಕೆ ಇಟ್ಟ ರಂಗೋಲಿ

ನಮ್ಮ ಮನೆಯಲ್ಲಿ ನೆಲ ಸಾರಿಸಿ ರಂಗೋಲಿ ಇಡದೆ ಬಿಟ್ಟದ್ದು ಒಂದೇ ಸಲ, ನಮ್ಮ ಯಜಮಾನರು ಹೋದಾಗ. ಸಾರಿಸಿದ ನೆಲವನ್ನು ಬೋಳು ಬಿಡುವವರು ಸಾವಿನ ಮನೆಯವರು ಮಾತ್ರ. ಇದು ನಾನು ಹುಟ್ಟಿಸಿದ ಕಾನೂನಲ್ಲ. ಹೀಗಿರುವಾಗ ಮಗ, ಸೊಸೆ ಇಬ್ಬರೂ ಸೇರಿ ವ್ಯಾನಿನ ವಿಷಯದಲ್ಲಿ ನನ್ನನ್ನು ಅಪರಾಧಿಯ ಹಾಗೆ ನಿಲ್ಲಿಸಿದ್ದು ನ್ಯಾಯವೋ ಅನ್ಯಾಯವೋ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ತೀರ್ಮಾನಿಸಿ.

ನನ್ನ ಮಗ ಶೇಷಪ್ಪನ ಹತ್ತಿರ ಒಂದು ಹಳೇ ಸರಕು ವ್ಯಾನಿದೆ. ಕೊಯ್ಲಿನ ಕಾಲದಲ್ಲಿ ಮೂಡಿಗೆರೆ ಹತ್ತಿರದ ಎಸ್ಟೇಟೊಂದರಿಂದ ಕಾಫಿ ಮೂಟೆ ಸಾಗಿಸುವುದೇ ಅದರ ಕಸುಬು. ಹೋದ ವರ್ಷ ವ್ಯಾನಿನ ನೆಲದ ತುಕ್ಕು ಹದಿನಾಲ್ಕು ಮೂಟೆಗಳ ತಳಕ್ಕೆ ಹತ್ತಿತು. (ಸೊಸೆ ಹದಿನೈದು ಎನ್ನುತ್ತಾಳೆ. ಎಣಿಸಿದವಳು ನಾನು.) ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಸವರಾಜಪ್ಪನವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರಂತೆ: ಈ ವರ್ಷ ಸೋಮವಾರ ವ್ಯಾನು ತಂದು ನೆಲ ತೋರಿಸಬೇಕು. ಸರಿಯಿದ್ದರೆ ಸೀಸನ್ ಪೂರ್ತಿ ಬಾಡಿಗೆ ನಿನಗೆ, ಇಲ್ಲದಿದ್ದರೆ ವಸ್ತಾರೆಯ ಲಾರಿಗೆ. ಬಾಡಿಗೆ ತಪ್ಪಿದರೆ ವ್ಯಾನು ಶೆಡ್ಡಿನಲ್ಲಿ ಕೋಳಿ ಮೊಟ್ಟೆಯಿಡಲಿಕ್ಕೆ ಮಾತ್ರ.

ಶುಕ್ರವಾರ ಶೇಷಪ್ಪ ಚಿಕ್ಕಮಗಳೂರಿನಿಂದ ಮೋಹಿತ್ ಎಂಬವನನ್ನು ಕರೆಸಿದ. ಅವನು ವ್ಯಾನಿನ ನೆಲಕ್ಕೆ ರಬ್ಬರಿನಂಥ ಕವಚವನ್ನು ಗನ್ನಿನಿಂದ ಸಿಂಪಡಿಸುವವನು. ಮೂಗಿಗೆ ಮುಸುಕು, ಕೈಗೆ ಗವಸು, ಕಣ್ಣಿಗೆ ಕನ್ನಡಕ. ಸಾಕ್ಷಾತ್ ರಣರಂಗಕ್ಕೆ ಹೊರಟವನ ಹಾಗೆ ವ್ಯಾನಿನೊಳಗೆ ನುಗ್ಗಿ ಎರಡು ಗಂಟೆ ಬುಸ್ಸೆನ್ನಿಸಿದ. ಹೊರಗೆ ಬಂದು, ಒಂದು ದಿನ ಆರಬೇಕು, ಆರಿದ ಮೇಲೆ ಉಳಿಯಲ್ಲಿ ಕೆತ್ತಿದರೂ ಏಳುವುದಿಲ್ಲ ಎಂದು ಹೇಳಿ ಹೋದ. ಶೇಷಪ್ಪ ರಟ್ಟಿನ ಮೇಲೆ ‘ಮುಟ್ಟಬಾರದು’ ಎಂದು ಬರೆದು ಬಾಗಿಲಿಗೆ ತೂಗುಹಾಕಿ, ಹೆಂಡತಿ ಪ್ರೇಮಕುಮಾರಿಯನ್ನು ಕರೆದುಕೊಂಡು ನಾಮಕರಣವೊಂದಕ್ಕೆ ಹೊರಟ.

ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರಕ್ಕೊಂದು ಉಸಿರು ತೆಗೆದುಕೊಂಡು ರಟ್ಟನ್ನು ಪೂರ್ತಿ ಓದಿದೆ. ಆಮೇಲೆ ಒಳಗೆ ಇಣುಕಿದೆ. ಏನು ಹೇಳಲಿ, ಕಾಫಿ ಒಣಗಿಸುವ ಕಣಕ್ಕೆ ಸಗಣಿಯಲ್ಲಿ ಮಸಿ ಕಲಸಿ ಸಾರಿಸುತ್ತೇವಲ್ಲ, ಥೇಟ್ ಅದೇ ಬಣ್ಣ, ಅದೇ ಹಸಿ ಹೊಳಪು. ಅದೂ ಶುಕ್ರವಾರ, ದೀಪ ಹಚ್ಚುವ ಹೊತ್ತು ಹತ್ತಿರ. ಬದುಕಿ ಬಾಳಬೇಕಾದ ವ್ಯಾನನ್ನು ಸಾವಿನ ಮನೆಯ ಹಾಗೆ ಬಿಡಲು ನನ್ನ ಕೈಯಲ್ಲಾಗಲಿಲ್ಲ.

ಮುಟ್ಟಲಿಲ್ಲ ನಾನು. ರಂಗೋಲಿ ಇಡಲು ನೆಲ ಮುಟ್ಟಬೇಕಾಗಿಯೂ ಇಲ್ಲ. ನಾಲ್ಕು ಬೆರಳು ಮೇಲಿನಿಂದ ಪುಡಿ ಉದುರಿದರೆ ಸಾಕು. ಹಿಂಬಾಗಿಲಿನಿಂದ ಬಗ್ಗಿ ಅರ್ಧ, ಪಕ್ಕದ ಬಾಗಿಲಿನಿಂದ ಬಗ್ಗಿ ಅರ್ಧ. ಕೈಗೆ ಸಿಗದ ಮೂಲೆಗೆ ಕಾಫಿ ಸೋಸುವ ಜಾಲರಿಯನ್ನು ಕೋಲಿಗೆ ಕಟ್ಟಿ ಉದುರಿಸಿದೆ. ನಡುವೆ ಹನ್ನೊಂದು ಚುಕ್ಕಿಯ ತಾವರೆ, ಸುತ್ತ ಬಳ್ಳಿ, ಬಾಗಿಲ ಬಳಿ ಒಳಮುಖವಾಗಿ ಲಕ್ಷ್ಮಿಯ ಎರಡು ಪಾದ. ಒಂದು ಎಳೆಯೂ ಸೊಟ್ಟಗಾಗಲಿಲ್ಲ.

ಶನಿವಾರ ಬೆಳಿಗ್ಗೆ ಶೇಷಪ್ಪ ಬಾಗಿಲು ತೆಗೆದವನು ಅಲ್ಲೇ ಕುಕ್ಕರಿಸಿದ.

“ಅವ್ವಾ, ಮುಟ್ಟಬಾರದು ಅಂತ ಬರ್ದಿರ್ಲಿಲ್ವಾ ನಾನು?”

“ಎಲ್ಲಿ ಮುಟ್ಟಿದೀನಿ? ಒಂದು ಬೆರಳಿನ ಗುರುತು ತೋರ್ಸು ನೋಡಾಣ.”

“ಅತ್ತೆ ಮುಟ್ಟಿಲ್ಲ ಕಣ್ರೀ,” ಎಂದಳು ಪ್ರೇಮಕುಮಾರಿ, ತಣ್ಣಗೆ. “ಮೇಲಿಂದ ಉದುರ್ಸಿದಾರೆ ಅಷ್ಟೆ. ಆಲಿಕಲ್ಲು ಮಳೆನೂ ಹಂಗೇ.”

ಪೊರಕೆಯಿಂದ ಗುಡಿಸಿದರು, ಹೋಗಲಿಲ್ಲ. ತೆಂಗಿನ ನಾರು, ಸೀಗೆಪುಡಿ, ಸೀಮೆಎಣ್ಣೆ, ಕೊನೆಗೆ ಉಳಿ. ತಾವರೆಯ ಒಂದು ದಳವೂ ಅಲುಗಲಿಲ್ಲ. ಮೋಹಿತನಿಗೆ ಫೋನು ಮಾಡಿದರೆ ಅವನಿಗೆ ಸಂತೋಷವೋ ಸಂತೋಷ. ನಾನು ಹೇಳಿರಲಿಲ್ಲವಾ ಒಳ್ಳೇ ಮಾಲು ಎಂದನಂತೆ. ಅಲ್ಲಿಂದ ಎರಡು ದಿನ ಮಗ ನನ್ನ ಜೊತೆ ಮಾತಾಡಲಿಲ್ಲ. ಸೊಸೆ ಮಾತ್ರ ಮಾತಾಡಿದಳು, ಇಬ್ಬರ ಪಾಲಿನದನ್ನೂ.

ಸೋಮವಾರ ನಾನೂ ವ್ಯಾನು ಹತ್ತಿದೆ. ತಪ್ಪು ನನ್ನದಾದರೆ ವಿವರಣೆಯೂ ನನ್ನದೇ ಇರಲಿ ಎಂದು. ಬಸವರಾಜಪ್ಪನವರು ನೆಲವನ್ನು ಬೀಗದ ಕೈಯಲ್ಲಿ ಗೀರಿದರು, ನೀರು ಹೊಯ್ಯಿಸಿದರು, ಬಿಳೀ ಕರ್ಚೀಫಿನಲ್ಲಿ ಒರೆಸಿ ಕರ್ಚೀಫನ್ನೇ ತಿರುಗಿಸಿ ತಿರುಗಿಸಿ ನೋಡಿದರು. ನೆಲ ಪಾಸು ಎಂದರು. ಶೇಷಪ್ಪನಿಗೆ ಹೋದ ಜೀವ ಬಂತು.

ಬಂದ ಜೀವ ಒಂದು ನಿಮಿಷವೂ ನಿಲ್ಲಲಿಲ್ಲ. ಮೂಟೆ ಹೊರುವವರ ಮುಂದಾಳು ಚಿಕ್ಕಯ್ಯ ಬಾಗಿಲವರೆಗೆ ಬಂದವನು ಚಪ್ಪಲಿ ಕಳಚಿ, ಕೈಮುಗಿದು, ಹಿಂದೆ ಸರಿದ.

“ಲಕ್ಷ್ಮಿ ಪಾದ ತುಳ್ಕೊಂಡು ಮೂಟೆ ಇಡಾಕೆ ನಮ್ಮಿಂದ ಆಗಲ್ಲ ರೈಟ್ರೇ. ವಸ್ತಾರೆ ಲಾರಿನೇ ಬರ್ಲಿ.”

ಅವನ ಹಿಂದಿನ ಐದು ಜನವೂ ತಲೆಯಾಡಿಸಿದರು. ರೈಟರು ಗಡಿಯಾರ ನೋಡಿದರು. ಶೇಷಪ್ಪ ನನ್ನನ್ನು ನೋಡಿದ. ಆ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

ಆಗ ನಾನು ಬಾಯಿ ಬಿಟ್ಟೆ. “ಅಲ್ಲ ಚಿಕ್ಕಯ್ಯ, ಇವತ್ತಿಟ್ಟ ರಂಗೋಲಿನ ನಾಳೆ ಬೆಳಿಗ್ಗೆ ಗುಡ್ಸಲ್ವಾ ನಿಮ್ಮನೇಲಿ? ಇಟ್ಟೋರೇ ತುಳಿದು ಗುಡ್ಸಿದ ಮೇಲೆ ಯಾರು ಓಡಾಡಿದ್ರೂ ದೋಷ ಇಲ್ಲ.”

ಚಿಕ್ಕಯ್ಯ ಯೋಚಿಸಿ, ಅದು ಸರಿ ಎಂದ. ನಾನು ಪೊರಕೆ ಕೇಳಿ ಪಡೆದು, ಇಬ್ಬರ ಹೆಗಲು ಹಿಡಿದು ವ್ಯಾನು ಹತ್ತಿ, ನೆಲಕ್ಕೆ ನಮಸ್ಕರಿಸಿ ಮೂರು ಸಲ ಪೊರಕೆ ಆಡಿಸಿದೆ. (ಏನೂ ಹೋಗಲಿಲ್ಲ. ಶಾಸ್ತ್ರ ಆಯಿತು.) ಅರ್ಧ ಗಂಟೆಯಲ್ಲಿ ಹದಿನೆಂಟು ಮೂಟೆ ಒಳಗೆ ಕೂತವು. ಎರಡು ದಿನ ಕುಗ್ಗಿದ್ದ ನನ್ನ ಕತ್ತು ನೆಟ್ಟಗಾಯಿತು. ನೋಡಿದೆಯಾ ಎನ್ನುವ ಹಾಗೆ ಮಗನ ಕಡೆ ನೋಡಿದೆ.

ಚಿಕ್ಕಯ್ಯ ಹಗ್ಗ ಬಿಗಿಯುತ್ತಾ ಕೇಳಿದ, “ನಾಳೆ ಎಷ್ಟೊತ್ತಿಗೆ ಬರ್ತೀರಿ ಅಮ್ಮಾರೆ?”

“ನಾನ್ಯಾಕೆ ಬರ್ಲಿ ಮಾರಾಯ?”

“ರಂಗೋಲಿ ಹೋಗಿಲ್ವಲ್ಲ. ನಾಳೆನೂ ಹಂಗೇ ಇರುತ್ತೆ. ಇಟ್ಟೋರೇ ಗುಡ್ಸಬೇಕು ಅಂತ ನೀವೇ ಹೇಳಿದ್ರಿ.”

ಬಸವರಾಜಪ್ಪನವರು ಕನ್ನಡಕ ಏರಿಸಿ ಪುಸ್ತಕ ತೆರೆದರು. “ಶೇಷಪ್ಪ, ಸೀಸನ್ ಪೂರ್ತಿ ಬಾಡಿಗೆ ನಿಂದೇ. ಆದ್ರೆ ವ್ಯಾನಿನ ಜೊತೆ ಅಮ್ಮಾರೂ ಬರ್ಬೇಕು.”

ಹೀಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ನನಗೆ ಕೆಲಸ ಸಿಕ್ಕಿತು. ರಜೆ ಭಾನುವಾರ ಮಾತ್ರ. ಒಂದು ದಿನ ನೆಗಡಿಯೆಂದು ಮಲಗಿದ್ದೆ. ವ್ಯಾನು ಖಾಲಿ ವಾಪಸು ಬಂದು, ಕಂಬಳಿ ಸಮೇತ ನನ್ನನ್ನು ಕರೆದುಕೊಂಡು ಹೋಯಿತು. ದಿನಾ ಆರೂವರೆಗೆ ಶೇಷಪ್ಪ ಹಾರ್ನ್ ಹೊಡೆಯುತ್ತಾನೆ. ಪ್ರೇಮಕುಮಾರಿ ಬುತ್ತಿಯನ್ನು ನನ್ನ ಕೈಗಿಟ್ಟು, ಬಾಗಿಲು ದಡ್ಡೆಂದು ಹಾಕಿ, ವ್ಯಾನಿನ ಬೆನ್ನಿಗೆ ಎರಡು ಸಲ ತಟ್ಟಿ ಕೂಗುತ್ತಾಳೆ:

“ಕ್ಲೀನರು ಹತ್ತಿದ್ರು, ರೈಟ್.”